ಕ್ಲೈಮ್ಯಾಕ್ಸ್ ಅನ್ನು ನಡುಪುಟಕ್ಕೆ ತಂದದ್ದು

“ಅದರಲ್ಲಿ ಪ್ರಶ್ನೋತ್ತರ ಇರುತ್ತೇನಮ್ಮಾ?”

ಹೈಸ್ಕೂಲು, ಪಿಯುಸಿ ಮಕ್ಕಳಿಗಾಗಿ ಸೈನ್ಸ್ ಫಿಕ್ಷನ್ ಸಿನಿಮಾಗಳ ಬಗ್ಗೆಯೇ ಒಂದು ಕನ್ನಡ ಪತ್ರಿಕೆ ಮಾಡೋಣ ಎಂದು ನಾನು ಉದ್ದಕ್ಕೆ ವಿವರಿಸಿ ಮುಗಿಸಿದಾಗ ನಮ್ಮ ಪ್ರೆಸ್ಸಿನ ಮಾಲೀಕರು ಕೇಳಿದ್ದು ಇಷ್ಟೇ. ಅವರನ್ನು ದೂರುವಂತಿಲ್ಲ. ಶಿವಮೊಗ್ಗದ ದುರ್ಗಿಗುಡಿಯ ಹಿಂದಿನ ಓಣಿಯಲ್ಲಿರುವ ಆ ಪ್ರೆಸ್ಸು ನಡೆಯುವುದೇ ಪರೀಕ್ಷೆಯ ಗೈಡುಗಳಿಂದ. ಪುಟ ವಿನ್ಯಾಸ ನನ್ನ ಕೆಲಸ. ಅಧ್ಯಾಯದ ಸಾರಾಂಶ, ಒಂದು ಅಂಕದ ಪ್ರಶ್ನೆ, ಎರಡು ಅಂಕದ ಪ್ರಶ್ನೆ, ಚಿತ್ರ ಬರೆದು ಭಾಗಗಳನ್ನು ಗುರುತಿಸಿ. ವರ್ಷವಿಡೀ ಅದನ್ನೇ ಹೊಂದಿಸಿ ಹೊಂದಿಸಿ, ಹೃದಯದ ನಾಲ್ಕು ಕೋಣೆಗಳನ್ನು ಕಣ್ಣು ಮುಚ್ಚಿ ಜೋಡಿಸುವಷ್ಟು ಪಳಗಿದ್ದೆ.

“ಇರಲ್ಲ ಸರ್,” ಅಂದೆ.

“ಮತ್ತೆ ದುಡ್ಡು ಕೊಟ್ಟು ಎಂತಕ್ಕೆ ತಗೋತಾರೆ?”

ಕಾಲೇಜಿನ ದಿನಗಳೆಲ್ಲ ಚರ್ಚಾ ಸ್ಪರ್ಧೆಯಲ್ಲಿ ಕಳೆದವಳು ನಾನು. ಉತ್ತರ ಗೊತ್ತಿಲ್ಲದಿದ್ದರೆ ಪ್ರಶ್ನೆಯನ್ನೇ ಹಿಡಿದು ಅಲ್ಲಾಡಿಸಬೇಕು ಎನ್ನುವುದು ಅಲ್ಲಿ ಮೈಗೆ ಹತ್ತಿದ ವಿದ್ಯೆ. “ಗೈಡನ್ನ ಎಂತಕ್ಕೆ ತಗೋತಾರೆ ಸರ್? ಓದೋ ಆಸೆಗಾ, ಹೆದರಿಕೆಗಾ? ಹೆದರಿಸದೆ ಒಂದು ಮಾರಿ ನೋಡೋಣ.”

ಅವರು ಕನ್ನಡಕ ತೆಗೆದು ಒರೆಸಿಕೊಂಡರು. ಅವರು ಹಾಗೆ ಮಾಡಿದರೆ ಅರ್ಧ ಒಪ್ಪಿದ್ದಾರೆಂದು ಅರ್ಥ. ಉಳಿದ ಅರ್ಧ ಷರತ್ತಿನ ರೂಪದಲ್ಲಿ ಬಂತು. ಗೈಡಿನ ಕೆಲಸ ಮುಗಿದು ಮೆಷಿನ್ ಖಾಲಿ ಇರುವ ಹೊತ್ತಿಗೆ ಒಂದು ಸಂಚಿಕೆ. ಮೊದಲು ಭದ್ರಾವತಿಯ ಅಂಗಡಿಗಳಿಗೆ ಮಾತ್ರ. ಅಲ್ಲಿ ಓಡಿದರೆ ಮುಂದಿನ ಮಾತು. ಓಡದಿದ್ದರೆ ನಾನು ಚಂದ್ರ, ಮಂಗಳ ಎಲ್ಲವನ್ನೂ ಬಿಟ್ಟು ಸಮಾಜ ವಿಜ್ಞಾನದ ಗೈಡಿಗೆ ಕೂರಬೇಕು, ಮತ್ತು ಪತ್ರಿಕೆಯ ಸುದ್ದಿಯನ್ನು ಇನ್ನೆಂದೂ ಎತ್ತಬಾರದು.

“ಭದ್ರಾವತಿನೇ ಯಾಕೆ ಸರ್?”

“ಅಲ್ಲಿಯವರು ಸುಮ್ ಸುಮ್ನೆ ಏನನ್ನೂ ಮೆಚ್ಚಲ್ಲ. ಅಲ್ಲಿ ಮಾರಿದ್ರೆ ಎಲ್ಲಾದ್ರೂ ಮಾರಬಹುದು.”

ಇನ್ನೆಂದೂ ಎತ್ತಬಾರದು ಎಂಬ ಮಾತು ಮಾತ್ರ ನನಗೆ ಚುಚ್ಚಿತು. ಇಂಥ ಪತ್ರಿಕೆಯೊಂದು ನನ್ನ ಹದಿನಾಲ್ಕನೇ ವಯಸ್ಸಿನಲ್ಲಿ ಇರಬೇಕಿತ್ತು. ಸಿನಿಮಾ ಮುಗಿಸಿ ಬಂದು “ಅದು ಹೇಗೆ ಸಾಧ್ಯ?” ಎಂದು ಕೇಳಿದರೆ, “ಸಿನಿಮಾನ ಸಿನಿಮಾ ತರ ನೋಡು” ಎಂದು ಬಾಯಿ ಮುಚ್ಚಿಸುವವರೇ ಸುತ್ತ ಇದ್ದರು. ಆ ಮಾತಿನ ಮೇಲೆ ನನಗೆ ಇಂದಿಗೂ ಸಿಟ್ಟಿದೆ.

ಚಿತ್ರಗಳಿಗೆ ಭದ್ರಾವತಿ ನ್ಯೂ ಟೌನಿನ ಗೆಳೆಯನೊಬ್ಬನನ್ನು ಹಿಡಿದೆ. ಈಗ ಶಾಲೆಗಳ ಗೋಡೆಗೆ ಚಿತ್ರ ಬರೆಯುತ್ತಾನೆ, ಮದುವೆ ಕಾರ್ಡಿಗೆ ವಿನ್ಯಾಸ ಮಾಡುತ್ತಾನೆ. ಚರ್ಚಾ ಸ್ಪರ್ಧೆಯ ಆ ದಿನಗಳಲ್ಲಿ ಅವನು ಎದುರು ಕಾಲೇಜಿನ ಭಾಷಣಕಾರ. ಚೀಟಿ ಎತ್ತಿದರೆ ನನಗೆ ಸದಾ ವಿಷಯದ ಪರ, ಅವನಿಗೆ ವಿರೋಧ. ಗೆದ್ದ ಕಾಲೇಜು ಒಂದು ವರ್ಷ ಇಟ್ಟುಕೊಂಡು ಹಿಂದಿರುಗಿಸಬೇಕಾದ ಪರ್ಯಾಯ ಪಾರಿತೋಷಕ ನಮ್ಮಿಬ್ಬರ ಕಾಲೇಜುಗಳ ನಡುವೆಯೇ ಓಡಾಡಿಕೊಂಡಿತ್ತು. ಫೋನಿನಲ್ಲಿ ವಿಷಯ ಹೇಳಿದ್ದಕ್ಕೆ ಅವನ ಮೊದಲ ಮಾತು: “ನಾನು ಇದಕ್ಕೆ ವಿರೋಧ. ಯಾವಾಗ ಶುರು ಮಾಡೋಣ?”

ಮೊದಲ ಡಮ್ಮಿಯನ್ನು, ಎಂದರೆ ಮಾದರಿ ಪ್ರತಿಯನ್ನು, ನಾನು ಅತ್ಯಂತ ಆತ್ಮವಿಶ್ವಾಸದಿಂದ ಮಾಡಿದೆ. ಕ್ರೌನ್ ಸೈಜು, ನಡುವೆ ಪಿನ್ನು, ಎರಡು ಫಾರಂ. ಒಂದೊಂದು ಫಾರಂ ಅಂದರೆ ಹದಿನಾರು ಪುಟ. ಹಣದ ಮಿತಿಯಲ್ಲಿ ಒಂದು ಫಾರಮ್ಮಿಗೆ ಮಾತ್ರ ಬಣ್ಣ, ಇನ್ನೊಂದು ಕಪ್ಪು ಬಿಳುಪು. ಬಣ್ಣವನ್ನು ಹೊರಗಿನ ಫಾರಮ್ಮಿಗೆ ಕೊಟ್ಟೆ. ಪುಸ್ತಕ ತೆರೆದ ಕೂಡಲೇ ಮಿಂಚಬೇಕಲ್ಲ. ಪುಟದ ತುಂಬ ಕಪ್ಪು ಬಾಹ್ಯಾಕಾಶ, ಅದರ ಮೇಲೆ ಬಿಳಿ ಅಕ್ಷರ. ಪ್ರತಿ ಸಿನಿಮಾಕ್ಕೆ ನಕ್ಷತ್ರಗಳ ಬದಲು ರಾಕೆಟ್ಟುಗಳಲ್ಲಿ ಅಂಕ. ನುಣುಪಾದ ಆರ್ಟ್ ಪೇಪರು. ಮತ್ತು ಮೊದಲ ಪುಟದಲ್ಲೇ ದಪ್ಪಕ್ಷರದ ಪ್ರತಿಜ್ಞೆ: ಈ ಪತ್ರಿಕೆ ಯಾವ ಸಿನಿಮಾದ ಕ್ಲೈಮ್ಯಾಕ್ಸನ್ನೂ ಬಯಲು ಮಾಡುವುದಿಲ್ಲ.

ಪ್ರತಿಜ್ಞೆ ಮಾಲೀಕರಿಗೆ ಬಹಳ ಹಿಡಿಸಿತು. ಅವರ ತಂದೆಯ ಕಾಲದಲ್ಲಿ ಇದೇ ಪ್ರೆಸ್ಸು ಟಾಕೀಸಿನ ಮುಂದೆ ಮಾರುವ ಸಿನಿಮಾ ಹಾಡಿನ ಪುಸ್ತಕಗಳನ್ನು ಅಚ್ಚು ಹಾಕುತ್ತಿತ್ತು. ಹಾಡುಗಳ ಮೊದಲು ಒಂದು ಪುಟದ ಕಥಾಸಾರ. ನಾಯಕಿ ವಿಷ ಕುಡಿಯುವಳೋ ಇಲ್ಲವೋ ಎನ್ನುವಲ್ಲಿಗೆ ಕಥೆ ನಿಲ್ಲಿಸಿ, ಮುಂದಿನದನ್ನು ತೆರೆಯ ಮೇಲೆ ನೋಡಿ ಆನಂದಿಸಿ ಎಂದು ಹಾಕುವುದು.

“ನಮ್ಮಪ್ಪ ಕ್ಲೈಮ್ಯಾಕ್ಸ್ ಬಚ್ಚಿಟ್ಟೇ ಈ ಮೆಷಿನ್ ತಗೊಂಡಿದ್ದು,” ಅಂದರು ಹೆಮ್ಮೆಯಿಂದ.

ಅವರಿಗೂ ನನಗೂ ಯಾವುದಾದರೊಂದು ವಿಷಯದಲ್ಲಿ ಒಮ್ಮತ ಮೂಡಿದ್ದು ಅದೇ ಮೊದಲು. ಅಲ್ಲೇ ನನಗೆ ಅನುಮಾನ ಬರಬೇಕಿತ್ತು.

ಮೊದಲ ಪೆಟ್ಟು ಚಿತ್ರಗಳಿಂದ ಬಿತ್ತು. ಸಿನಿಮಾದ ಫೋಟೊಗಳನ್ನು ಅಂತರ್ಜಾಲದಿಂದ ಇಳಿಸಿ ಹಾಕಬಹುದು ಎಂದುಕೊಂಡಿದ್ದೆ. ಅವು ನಮ್ಮವಲ್ಲ, ಕೇಳದೆ ಹಾಕುವಂತಿಲ್ಲ ಎಂಬುದು ಒಂದು. ಹಾಕಿದ್ದರೂ ಕೆಲಸಕ್ಕೆ ಬರುತ್ತಿರಲಿಲ್ಲ ಎಂಬುದು ಇನ್ನೊಂದು. ಮೊಬೈಲಿನಲ್ಲಿ ಚೂಪಾಗಿ ಕಾಣುವ ಚಿತ್ರವನ್ನು ಪುಟದಗಲಕ್ಕೆ ಹಿಗ್ಗಿಸಿದರೆ ನಾಯಕನ ಮುಖ ಬಚ್ಚಲುಮನೆಯ ಟೈಲ್ಸಿನಂತೆ ಚೌಕ ಚೌಕವಾಗುತ್ತದೆ. ಹಾಗಾಗಿ ಎಲ್ಲವನ್ನೂ ಗೆಳೆಯನೇ ಬರೆಯಬೇಕಾಯಿತು. “ಮೊದಲೇ ಹೇಳಿದ್ನಲ್ಲ ಮಾರಾಯ್ತಿ, ವಿರೋಧ ಅಂತ,” ಎನ್ನುತ್ತಲೇ ಬರೆದ.

ಡಮ್ಮಿಯನ್ನು ಕಂಪ್ಯೂಟರಿನ ಪರದೆಯಲ್ಲಿ ನೋಡಿ ತೀರ್ಪು ಕೊಡುವುದು ಬೇಡ ಎಂದು ಗೈಡಿನ ಕೆಲಸದ ಬಾಲಕ್ಕೆ ಒಂದು ಫಾರಂ ಕಟ್ಟಿ, ಕೆಲವು ಹಾಳೆ ನಿಜವಾದ ಮೆಷಿನ್ನಿನಲ್ಲೇ ಓಡಿಸಿದೆವು. ಅದನ್ನು ಮಡಚಿ, ಪಿನ್ನು ಹೊಡೆದು, ಬಸ್ಸು ಹತ್ತಿ ಭದ್ರಾವತಿಗೆ ಹೋದೆ.

ಗೆಳೆಯನ ತಾಯಿ ನ್ಯೂ ಟೌನಿನ ಕಾರ್ಖಾನೆ ಕ್ವಾರ್ಟರ್ಸಿನಲ್ಲಿ ಟ್ಯೂಷನ್ ನಡೆಸುತ್ತಾರೆ. ಸಂಜೆ ಹಜಾರದ ತುಂಬ ಎಂಟು, ಒಂಬತ್ತು, ಹತ್ತನೇ ಕ್ಲಾಸಿನ ಮಕ್ಕಳು. ನಮ್ಮ ಓದುಗರು ಅಂದರೆ ಇವರೇ. ಡಮ್ಮಿಗಳನ್ನು ಹಂಚಿ, ನಾನು ಮೂಲೆಯ ಕುರ್ಚಿಯಲ್ಲಿ ತೀರ್ಪಿಗೆ ಕಾದು ಕುಳಿತೆ.

ಹತ್ತನೇ ಕ್ಲಾಸಿನ ಒಬ್ಬಳು ಹಾಳೆಯನ್ನು ಟ್ಯೂಬ್‌ಲೈಟಿಗೆ ಹಿಡಿದು ಆ ಕಡೆ ಈ ಕಡೆ ಓರೆ ಮಾಡಿದಳು. “ಅಕ್ಕಾ, ಈ ಕಪ್ಪು ಪುಟದಲ್ಲಿ ಒತ್ತಕ್ಷರ ಎಲ್ಲ ಮುಚ್ಚೋಗಿದೆ.”

ನೋಡಿದೆ. ಸರಿಯಾಗಿಯೇ ಹೇಳಿದ್ದಳು. ಪುಟದ ತುಂಬ ಕಪ್ಪು ಶಾಯಿ ಕುಳಿತರೆ ಅದು ಬಿಳಿ ಅಕ್ಷರದ ಒಳಕ್ಕೆ ಸ್ವಲ್ಪ ಹರಡುತ್ತದೆ. ಇಂಗ್ಲಿಷ್ ಅಕ್ಷರ ಅದನ್ನು ತಡೆದುಕೊಂಡೀತು. ನಮ್ಮ ಅಕ್ಷರಗಳ ಕೆಳಗೆ ನೇತಾಡುವ ಸಣ್ಣ ಒತ್ತುಗಳ ಹೊಟ್ಟೆ ಮುಚ್ಚಿಹೋಗುತ್ತದೆ. ಕಪ್ಪು ಪುಟದ ಆ ವೈಭವವನ್ನು ನಾನು ಎಲ್ಲಿಂದಲೋ ಎತ್ತಿ ತಂದಿದ್ದೆ. ಅದು ನಮ್ಮ ಲಿಪಿಗೆ ಹೊಲಿದ ಅಂಗಿಯಾಗಿರಲಿಲ್ಲ. ಇದನ್ನು ಸರಿಮಾಡಬಹುದು ಎಂದುಕೊಳ್ಳುತ್ತಿರುವಾಗಲೇ ಆ ಹುಡುಗಿ ಮತ್ತೆ ಕೈ ಎತ್ತಿದಳು.

“ಮತ್ತೆ ಅಕ್ಕಾ, ಇದರಲ್ಲಿ ಒಂದು ಪುಟ ಬಿಟ್ಟೋಗಿದೆ.”

“ಎಲ್ಲಿ?”

“ಈ ಚಂದ್ರನ ಸಿನಿಮಾದಲ್ಲಿ. ವಿಲನ್ನು ಚಂದ್ರಂಗೆ ಹಗ್ಗ ಕಟ್ಟಿ ಭೂಮಿ ಹತ್ರ ಎಳ್ದ, ಊರೆಲ್ಲ ನೀರು ನುಗ್ತು, ಹೀರೋ ಹಗ್ಗದ ಮೇಲೆ ಹತ್ತಿದ. ಆಮೇಲಿಂದು ಇಲ್ಲ.”

“ಬಿಟ್ಟುಹೋಗಿಲ್ಲ. ಬೇಕಂತಲೇ ಹೇಳಿಲ್ಲ. ನೋಡೋರ ಮಜಾ ಹಾಳಾಗಬಾರದಲ್ಲ?”

“ಯಾರಕ್ಕಾ ನೋಡೋರು?” ಗೋಡೆಗೆ ಒರಗಿ ಕೂತಿದ್ದ ಒಂಬತ್ತನೇ ಕ್ಲಾಸಿನ ಹುಡುಗ ಕೇಳಿದ. ಕುಹಕವಿರಲಿಲ್ಲ, ನಿಜವಾದ ಪ್ರಶ್ನೆ. “ನಮ್ಮನೇಲಿ ಮೊಬೈಲ್ ಅಪ್ಪಂದು. ಅಪ್ಪ ಶಿಫ್ಟಿಗೆ ಹೋದ್ರೆ ಮೊಬೈಲೂ ಶಿಫ್ಟಿಗೆ ಹೋಗುತ್ತೆ.”

“ಇವಳು ನೋಡಿದಾಳೆ,” ಎಂದು ಯಾರೋ ಆ ಹುಡುಗಿಯ ಕಡೆ ಕೈ ತೋರಿಸಿದರು. “ಇವಳೇ ನಮಗೆಲ್ಲ ಹೇಳೋದು.”

“ಪೂರ್ತಿ ಹೇಳ್ತೀಯಾ? ಕ್ಲೈಮ್ಯಾಕ್ಸೂ?”

“ಕ್ಲೈಮ್ಯಾಕ್ಸ್ ಹೇಳ್ದೆ ಎದ್ರೆ ಇವರು ನನ್ನ ಚಪ್ಪಲಿ ಬಚ್ಚಿಡ್ತಾರೆ ಅಕ್ಕಾ.”

ಗೆಳೆಯ ಬಾಗಿಲಿನ ಹತ್ತಿರ ನಿಂತು ನನ್ನ ಮುಖವನ್ನೇ ನೋಡುತ್ತಿದ್ದ. ಹೇಳು ಅಂದೆ. ಹುಡುಗಿ ಜಾಮೆಟ್ರಿ ಬಾಕ್ಸು ತೆರೆದಳು. ಬಾಕ್ಸು ಆಕಾಶನೌಕೆ. ರಬ್ಬರು ಚಂದ್ರ. ಕೈವಾರದ ಮುಳ್ಳು ಹಗ್ಗ ಕಟ್ಟಿದ ಗೂಟ. ಡಬ್ ಆದ ಸಿನಿಮಾದ ಡೈಲಾಗುಗಳನ್ನು ಅವಳು ಭದ್ರಾವತಿಗೆ ಇನ್ನೊಮ್ಮೆ ಡಬ್ ಮಾಡಿದ್ದಳು. ವಿಲನ್ ಒಂದೊಂದು ಸಲ ತಮಿಳಿನಲ್ಲಿ ಬೈಯುತ್ತಿದ್ದ. ಸ್ಫೋಟದ ಸದ್ದಿಗೆ ಅವಳ ಕೆನ್ನೆ ಉಬ್ಬುವುದನ್ನು ನೋಡಿದ ಮೇಲೆ ನನ್ನ ಕಥಾಸಾರದ ಭಾಷೆ ನನಗೇ ಸಪ್ಪೆ ಎನಿಸಿತು.

“ಹೀರೋ ಚಂದ್ರನ ಮೇಲೆ ನಿಂತ್ಕೊಂಡು ಹೆಲ್ಮೆಟ್ ತೆಗೆದು ಕೂಗ್ತಾನೆ, ಓಡೂ ಅಂತ—”

“ನಿಲ್ಸು ನಿಲ್ಸು,” ಒಂಬತ್ತನೇ ಕ್ಲಾಸಿನ ಹುಡುಗ ಎದ್ದು ಕೂತ. “ಅಲ್ಲಿ ಗಾಳಿನೇ ಇಲ್ಲ. ಕೂಗಿದ್ರೆ ಹೆಂಗೆ ಕೇಳುತ್ತೆ?”

“ಹೆಲ್ಮೆಟ್ಟಲ್ಲಿ ಮೈಕ್ ಇದೆ.”

“ತೆಗೆದ ಅಂದ್ಯಲ್ಲ ಈಗ?”

“ತೆಗೆಯೋ ಮುಂಚೆ ಕೂಗಿದ. ನಿಂಗೆ ಅರ್ಜೆಂಟು.”

ಹಜಾರ ಎರಡು ಪಕ್ಷವಾಯಿತು. ಚಂದ್ರನ ಮೇಲೆ ಕಣ್ಣೀರು ಕೆಳಗೆ ಬೀಳುತ್ತದೋ ಇಲ್ಲವೋ, ಅಷ್ಟು ಉದ್ದದ ಹಗ್ಗವನ್ನು ಯಾವ ಕಾರ್ಖಾನೆಯಲ್ಲಿ ಹೊಸೆದರು, ಚಂದ್ರ ಹತ್ತಿರ ಬಂದರೆ ಸಮುದ್ರ ಉಕ್ಕುತ್ತದೆ ಸರಿ, ಭದ್ರಾ ಹೊಳೆಯೂ ಉಕ್ಕುತ್ತದೋ. ಕೊನೆಗೆ ನಾಯಕ ಹಗ್ಗ ಕಡಿದ, ಚಂದ್ರ ತನ್ನ ಹಳೆಯ ಜಾಗಕ್ಕೆ ಹೋಗಿ ನಿಂತ ಎಂದು ಅವಳು ಕಥೆ ಮುಗಿಸಿದ್ದೇ, ಹುಡುಗ “ತಾನಾಗೇ ಹೆಂಗೆ ಹೋಗ್ತಾನೆ?” ಎಂದ. ಗೆಳೆಯನ ತಾಯಿ ಸ್ಕೇಲಿನಿಂದ ಮೇಜು ಕುಟ್ಟಿದರು.

“ಚಂದ್ರ ಎಲ್ಲಾದ್ರೂ ಹಾಳಾಗೋಗ್ಲಿ. ತ್ರಿಕೋನಮಿತಿ ತೆಗೀರಿ.”

ಹೊರಗೆ ಬಂದೆವು. ಕ್ವಾರ್ಟರ್ಸಿನ ಬೀದಿಯ ದೊಡ್ಡ ಮರಗಳ ಕೆಳಗೆ ನಡೆಯುತ್ತ ನಾನು ವಾದ ಶುರುಮಾಡಿದೆ: ಇದು ಒಂದೇ ಟ್ಯೂಷನ್ನಿನ ಮಕ್ಕಳ ಮಾತು, ಇದರ ಮೇಲೆ ತೀರ್ಮಾನ ಮಾಡಲಾಗದು, ಮೊದಲನೆಯದಾಗಿ—

“ಟಿಣ್,” ಅಂದ ಗೆಳೆಯ. ಚರ್ಚಾ ಸ್ಪರ್ಧೆಯಲ್ಲಿ ಸಮಯ ಮುಗಿಯಿತೆಂದು ತೀರ್ಪುಗಾರರ ಮೇಜಿನ ಮೇಲೆ ಒತ್ತುವ ಗಂಟೆಯ ಸದ್ದು. “ನಿನ್ನ ಟೈಮ್ ಆಯ್ತು ಮಾರಾಯ್ತಿ, ಕೂತ್ಕೋ. ನೀನು ಸಿನಿಮಾ ನೋಡಿದೋರಿಗೆ ಪತ್ರಿಕೆ ಮಾಡಿದೀಯ. ಇಲ್ಲಿರೋದು ಸಿನಿಮಾ ಕೇಳಿದೋರು.”

ಬಸ್‌ಸ್ಟ್ಯಾಂಡಿನವರೆಗೂ ಅವನ ಆ “ಟಿಣ್” ನನ್ನ ಕಿವಿಯಲ್ಲೇ ಇತ್ತು. ಬಸ್ಸು ಹೊರಟ ಮೇಲೆ ಕಿಟಕಿಯ ಪಕ್ಕ ಕೂತು ಡಮ್ಮಿಯನ್ನು ಮತ್ತೆ ಬಿಚ್ಚಿದೆ. ನಡುವೆ ಪಿನ್ನು ಹೊಡೆದ ಪುಸ್ತಕ ಕೈ ಸಡಿಲ ಬಿಟ್ಟರೆ ಎಲ್ಲಿ ತೆರೆದುಕೊಳ್ಳುತ್ತದೆ? ನಡುಪುಟದಲ್ಲಿ. ನಾನು ಬಣ್ಣ ಕೊಟ್ಟದ್ದು ಎಲ್ಲಿಗೆ? ಹೊರಪುಟಗಳಿಗೆ. ಆ ಹಜಾರದಲ್ಲಿ ನಡೆದದ್ದೇನು? ಒಬ್ಬಳು ಕಥೆಯನ್ನು ಕೊನೆಯವರೆಗೂ ಹೇಳಿದಳು, ಉಳಿದವರು ಅಲ್ಲಲ್ಲಿ ತಡೆದರು. ಒಂದು ಪತ್ರಿಕೆಗೆ ಬೇಕಾದ ವಿನ್ಯಾಸ ಅಷ್ಟೇ. ಅದನ್ನು ನಾನು ಕಂಡುಹಿಡಿಯಬೇಕಾಗಿರಲಿಲ್ಲ, ಪುಟಕ್ಕೆ ಇಳಿಸಿದರೆ ಸಾಕಿತ್ತು.

ಶಿವಮೊಗ್ಗ ತಲುಪುವಷ್ಟರಲ್ಲಿ ನಿರ್ಧಾರ ಗಟ್ಟಿಯಾಯಿತು. ಮರುದಿನ ಬೆಳಿಗ್ಗೆ ಪ್ರೆಸ್ಸಿಗೆ ಹೋದವಳೇ ರಾಕೆಟ್ಟಿನ ಅಂಕಗಳನ್ನು ತೆಗೆದೆ. ವಿಮರ್ಶೆಗಳನ್ನು ತೆಗೆದೆ. ಪ್ರತಿಜ್ಞೆಯನ್ನು ತೆಗೆದೆ. ಇಡೀ ಸಂಚಿಕೆಗೆ ಎರಡೇ ಸಿನಿಮಾ. ಚಂದ್ರನ ಕಥೆಯನ್ನು ಮೊದಲ ಪುಟದಿಂದ ನಮ್ಮ ಮಾತಿನಲ್ಲಿ, ನಮ್ಮ ಚಿತ್ರಗಳಲ್ಲಿ ಹೇಳುತ್ತ ಹೋಗಬೇಕು. ಬಣ್ಣದ ಫಾರಮ್ಮನ್ನು ಒಳಕ್ಕೆ ತರಬೇಕು. ಹಗ್ಗ ಕಡಿಯುವ ದೃಶ್ಯ ಸರಿಯಾಗಿ ಪಿನ್ನಿನ ಎರಡೂ ಬದಿ ಹರಡಿದ ನಡುಪುಟದ ಮೇಲೆ ಬೀಳಬೇಕು. ಅಂಗಡಿಯಲ್ಲಿ ಯಾರು ಎತ್ತಿಕೊಂಡರೂ ಮೊದಲು ಕಾಣುವುದು ಕ್ಲೈಮ್ಯಾಕ್ಸೇ. ಅದನ್ನು ನೋಡಿದವರು, ಇವನು ಇಲ್ಲಿಗೆ ಹೇಗೆ ಬಂದ ಎಂದು ಹಿಂದಕ್ಕೆ ಪುಟ ತಿರುಗಿಸಲಿ.

ಅದಕ್ಕಿಂತ ಮುಖ್ಯವಾದದ್ದು ಅಂಚು. ಪ್ರತಿ ಪುಟದ ಹೊರಬದಿಯಲ್ಲಿ ಪುಟದ ಮೂರನೇ ಒಂದು ಭಾಗದಷ್ಟು ಜಾಗ ಖಾಲಿ ಬಿಟ್ಟೆ. ಕಥೆಯಲ್ಲಿ ಎಲ್ಲಿ ವಿಜ್ಞಾನ ಅನುಮಾನಕ್ಕೆ ಎಡೆಕೊಡುತ್ತದೋ ಅಲ್ಲಿ ಅಂಚಿನಲ್ಲಿ ಒಂದು ಗಂಟೆಯ ಚಿತ್ರ. ದೇವಸ್ಥಾನದ್ದಲ್ಲ, ಶಾಲೆಯದ್ದಲ್ಲ, ಮೇಲೆ ಗುಂಡಿ ಇರುವ, ತೀರ್ಪುಗಾರರ ಮೇಜಿನ ಗಂಟೆ. ಗಂಟೆಯ ಕೆಳಗೆ ಒಂದು ಪ್ರಶ್ನೆ, ಅದರ ಕೆಳಗೆ ಓದುಗರು ಬರೆಯಲು ತೆಳು ಗೆರೆಗಳು. ಪತ್ರಿಕೆಯ ಕೊನೆಯ ಪುಟಗಳಲ್ಲಿ, ಒಂದನ್ನು ಬಿಟ್ಟು, ಪ್ರತಿ ಗಂಟೆಗೂ ಪರ, ವಿರೋಧ, ಎರಡೂ ವಾದ.

ಬಾಲ್‌ಪೆನ್ನು ಆರ್ಟ್ ಪೇಪರಿನ ಮೇಲೆ ಜಾರುತ್ತದೆ, ಶಾಯಿ ಹತ್ತುವುದಿಲ್ಲ. ಆದ್ದರಿಂದ ಆರ್ಟ್ ಪೇಪರು ಹೋಗಿ, ನೋಟ್‌ಬುಕ್ಕಿನಂಥ ಮ್ಯಾಪ್ಲಿಥೋ ಬಂತು. ಬಾಹ್ಯಾಕಾಶವನ್ನು ಬಿಳಿ ಮಾಡಿದೆ; ನಕ್ಷತ್ರಗಳು ಕಪ್ಪು ಚುಕ್ಕೆ.

“ಆಕಾಶ ಕಪ್ಪಿರಬೇಕು ಅಂತ ಯಾರು ಹೇಳಿದ್ದು?” ಎಂದು ಗೆಳೆಯನಿಗೆ ಸವಾಲು ಹಾಕಿದೆ.

“ಆಕಾಶನೇ ಹೇಳಿದೆ ಮಾರಾಯ್ತಿ, ರಾತ್ರಿ ಹೊರಗೆ ಬಂದು ನೋಡು,” ಎಂದವನು, ನಡುಪುಟವೊಂದನ್ನು ಮಾತ್ರ ಕಪ್ಪಿಗೆ ಬಿಟ್ಟುಕೊಡುವಂತೆ ರಾಜಿಗೆ ಬಂದ. ಅಲ್ಲಿ ಸಣ್ಣ ಅಕ್ಷರವೇ ಇರಬಾರದು ಎಂಬುದು ನನ್ನ ಷರತ್ತು. ಕತ್ತಲು, ಕಡಿದ ಹಗ್ಗ, ಚಂದ್ರ. ಅಷ್ಟೇ.

ಎರಡನೆಯ ಸಿನಿಮಾ ಒಂದು ದೈತ್ಯ ಪ್ರಾಣಿಯದ್ದು. ಬೇರೆ ಗ್ರಹದಿಂದ ಬಂದು, ಕಟ್ಟಡಗಳನ್ನು ಹಪ್ಪಳದಂತೆ ಮುರಿಯುವ ಪ್ರಾಣಿ. ಅದರ ಗಂಟೆ: ಇಷ್ಟು ದೊಡ್ಡದು ತನ್ನ ಕಾಲ ಮೇಲೆ ನಿಲ್ಲಬಲ್ಲದೇ? ಎತ್ತರ ಎರಡರಷ್ಟಾದರೆ ಮೈತೂಕ ಎಂಟರಷ್ಟಾಗುತ್ತದೆ, ಆ ತೂಕ ಹೊರುವ ಕಾಲಿನ ಅಡ್ಡಕೊಯ್ತದ ವಿಸ್ತೀರ್ಣ ಮಾತ್ರ ನಾಲ್ಕರಷ್ಟೇ ಆಗುತ್ತದೆ. ಇದನ್ನು ತೋರಿಸಲು ಪಕ್ಕದಲ್ಲಿ ಒಂದು ಆನೆ ಬೇಕಿತ್ತು. ಗೆಳೆಯ ಕಂಪ್ಯೂಟರಿನಲ್ಲಿ ನೋಡಿ ಬರೆದ ಆನೆಯ ಕಾಲು ನನಗೆ ಕುರ್ಚಿಯ ಕಾಲಿನಂತೆ ಕಂಡಿತು. ಹೇಳಿದೆ. ಸಿಟ್ಟು ಮಾಡಿಕೊಂಡು ಬೆಳಿಗ್ಗೆ ಬೈಕು ಹತ್ತಿ ಸಕ್ರೆಬೈಲಿನ ಆನೆ ಬಿಡಾರಕ್ಕೇ ಹೋಗಿ, ಆನೆಗಳು ತುಂಗೆಯಲ್ಲಿ ಸ್ನಾನ ಮುಗಿಸಿ ದಡ ಹತ್ತುವಾಗ ಕಾಲುಗಳನ್ನಷ್ಟೇ ಬರೆದುಕೊಂಡು ಬಂದ. ಆ ಪುಟದಲ್ಲಿ ನಮ್ಮ ಆನೆ ನೆಟ್ಟಗೆ ನಿಂತಿದೆ. ಬೇರೆ ಗ್ರಹದ ದೈತ್ಯ ಮೊಣಕಾಲು ಹಿಡಿದುಕೊಂಡು ಕೂತಿದೆ.

ಮಾಲೀಕರ ಮುಂದೆ ಹೊಸ ಡಮ್ಮಿ ಇಟ್ಟಾಗ ಅವರು ತೆರೆದದ್ದು, ಬೇಕೆಂದೇ ತೆರೆಯಲಿಲ್ಲ, ತಾನಾಗಿ ತೆರೆದುಕೊಂಡದ್ದು, ನಡುಪುಟ.

“ಇದೇನಮ್ಮಾ, ಕಥೆ ಪೂರ್ತಿ ಹೇಳಿಬಿಟ್ಟಿದೀಯ? ಇನ್ನು ಸಿನಿಮಾ ಯಾರು ನೋಡ್ತಾರೆ?”

“ನಾವು ಟಿಕೆಟ್ ಮಾರ್ತಿದೀವಾ ಸರ್?”

“ನಮ್ಮಪ್ಪ—”

“ನಿಮ್ಮಪ್ಪ ಮಾಡಿದ್ದು ಸರಿ ಸರ್. ಆಗ ಪುಸ್ತಕ ಮಾರ್ತಿದ್ದದ್ದೇ ಟಾಕೀಸಿನ ಬಾಗಿಲಲ್ಲಿ. ಓದಿ ತಲೆ ಎತ್ತಿದ್ರೆ ಎದುರಿಗೆ ಟಿಕೆಟ್ ಕಿಟಕಿ. ಮುಂದಿನದನ್ನು ತೆರೆ ಮೇಲೆ ನೋಡಿ ಅಂದ್ರೆ ನೋಡಬಹುದಿತ್ತು. ಈಗ ನ್ಯೂ ಟೌನಿನ ಹುಡುಗ ಓದಿ ತಲೆ ಎತ್ತಿದ್ರೆ ಎದುರಿಗೆ ಏನಿದೆ? ಅಪ್ಪನ ಖಾಲಿ ಚಾರ್ಜರು.”

ಅವರು ಕನ್ನಡಕ ತೆಗೆದರು. ಒರೆಸಲಿಲ್ಲ. “ನೀನು ವಕೀಲಿ ಓದಬೇಕಿತ್ತು.”

“ಫೀಸು ನೀವು ಕಟ್ತಿದ್ರಾ?”

ಪುಟ ಮಗುಚುತ್ತ ಹೋದರು. ಅಗ್ಗದ ಕಾಗದಕ್ಕೆ ತಕರಾರಿಲ್ಲ, ಸಂತೋಷವೇ. ಬಣ್ಣ ಒಳಕ್ಕೆ ಹೋದದ್ದಕ್ಕೆ ಮುಖ ಸಿಂಡರಿಸಿದರು. ಚಂದ್ರನ ಕಥೆಯ ಕೊನೆಯ ಗಂಟೆಯ ಹತ್ತಿರ ಬಂದು ಬೆರಳು ನಿಲ್ಲಿಸಿದರು. ಹಗ್ಗ ಕಡಿದ ಮೇಲೆ ಚಂದ್ರ ತನ್ನ ಹಳೆಯ ಜಾಗಕ್ಕೆ ತಾನಾಗಿ ಹೋಗುವನೇ? ಕೊನೆಯ ಪುಟಗಳನ್ನು ತಿರುಗಿಸಿ ಹುಡುಕಿದರು.

“ಇದರ ಉತ್ತರ ಎಲ್ಲಿ?”

“ಇಲ್ಲ ಸರ್. ಬೇಕಂತ ಬಿಟ್ಟಿದ್ದು.”

“ನೋಡಮ್ಮಾ,” ಈಗ ದನಿ ಬದಲಾಯಿತು. “ಬಣ್ಣ ಎಲ್ಲಾದ್ರೂ ಹಾಕ್ಕೋ. ಕಥೆ ಪೂರ್ತಿ ಹೇಳು. ಉತ್ತರ ಇಲ್ಲದ ಪ್ರಶ್ನೆ ಮಾತ್ರ ಈ ಪ್ರೆಸ್ಸಿಂದ ಇವತ್ತಿನವರೆಗೂ ಹೊರಗೆ ಹೋಗಿಲ್ಲ. ಗೈಡಲ್ಲಿ ಒಂದು ಉತ್ತರ ಬಿಟ್ಟೋದ್ರೆ ಮೇಷ್ಟ್ರುಗಳು ಫೋನ್ ಮಾಡ್ತಾರೆ.”

“ಇದಕ್ಕೂ ಮಾಡ್ಲಿ ಸರ್. ಯಾರಾದ್ರೂ ಫೋನ್ ಮಾಡಿ ಕೇಳಿದ್ರೆ ಪತ್ರಿಕೆ ಓದಿದಾರೆ ಅಂತ ಗೊತ್ತಾಗುತ್ತೆ. ಎಲ್ಲ ಗಂಟೆಗೂ ನಾವೇ ಉತ್ತರ ಕೊಟ್ರೆ ಇದೂ ಗೈಡೇ. ಒಂದನ್ನಾದ್ರೂ ಅವರಿಗೆ ಬಿಡೋಣ.”

ಅವರು ಕನ್ನಡಕ ತೆಗೆದು ಒರೆಸತೊಡಗಿದರು. ಎದುರಾಳಿ ಯೋಚಿಸುತ್ತಿರುವಾಗ ಮಾತಾಡಿ ಕೆಡಿಸಬಾರದು ಎಂಬುದನ್ನು ಸೋತು ಸೋತು ಕಲಿತಿದ್ದೇನೆ.

“ಹಾಕು. ವಾಪಸ್ ಬಂದ ಕಟ್ಟುಗಳನ್ನ ನೀನೇ ಎಣಿಸಬೇಕು.”

ಪತ್ರಿಕೆಗಳನ್ನು ಅಂಗಡಿಗಳಿಗೆ ಹಾಕುವ ಏಜೆಂಟರು ಇನ್ನೂ ಕಠಿಣ ತೀರ್ಪುಗಾರರು. ಬೆಳಿಗ್ಗೆಯ ಪೇಪರುಗಳ ಹಂಚಿಕೆ ಮುಗಿಸಿ ಪ್ರೆಸ್ಸಿಗೆ ಬಂದವರು ಪ್ರತಿಯನ್ನು ಕೈಯಲ್ಲಿ ತೂಗಿ ನೋಡಿದರು. “ಹುಡುಗ್ರ ಪತ್ರಿಕೆ ಅಂದ್ರೆ ನಮಗೆ ಮಾಲು ಹೋಗೋದೂ ಅದೇ ಗಾಡಿ, ಬರೋದೂ ಅದೇ ಗಾಡಿ. ಬಾಡಿಗೆ ಮಾತ್ರ ಡಬಲ್.”

“ಅಣ್ಣಾ, ಒಂದು ಉಪಕಾರ ಮಾಡಿ. ಪ್ರತಿ ಅಂಗಡಿಗೂ ಒಂದು ಸ್ಯಾಂಪಲ್ ಕಾಪಿ ಜಾಸ್ತಿ ಕೊಡ್ತೀನಿ. ಅದನ್ನ ಮುಚ್ಚಿ ನೇತು ಹಾಕಬಾರದು. ನಡುಪುಟ ತೆರೆದು ದಾರಕ್ಕೆ ಕ್ಲಿಪ್ ಹಾಕಿಸಿ.”

“ತೆರೆದು ಹಾಕಿದ್ರೆ ನಿಂತಲ್ಲೇ ಓದಿ ಹೋಗ್ತಾರಲ್ರೀ.”

“ಓದ್ಲಿ ಅಣ್ಣಾ.”

ಅವರು ನನ್ನ ಕಡೆಗೂ ಮಾಲೀಕರ ಕಡೆಗೂ ನೋಡಿದರು. “ನಿಮ್ಮ ಮಾಲು, ನಿಮ್ಮ ಖುಷಿ,” ಎಂದು ಕಟ್ಟುಗಳನ್ನು ಗಾಡಿಗೆ ಏರಿಸಿದರು.

ಆಮೇಲಿನದು ಕಾಯುವ ಕೆಲಸ. ನನ್ನ ಮೇಜಿನ ಮೇಲೆ ಸಮಾಜ ವಿಜ್ಞಾನದ ಹಸ್ತಪ್ರತಿ ಬಂದು ಕೂತಿತ್ತು, ಯಾರೂ ಏನೂ ಹೇಳದೆಯೇ. ಮಾಲೀಕರು ಆ ದಾರಿಯಲ್ಲಿ ಹೋಗುವಾಗಲೆಲ್ಲ ಅದನ್ನು ಒಂದು ಬೆರಳಷ್ಟು ನನ್ನ ಕಡೆಗೆ ಸರಿಸುತ್ತಿದ್ದರು. ನಾನು ಒಂದು ಬೆರಳಷ್ಟು ಹಿಂದಕ್ಕೆ ತಳ್ಳುತ್ತಿದ್ದೆ. ಗೆಳೆಯನಿಗೆ ಫೋನ್ ಮಾಡಿ, ಅಂಗಡಿಗಳ ಕಡೆ ಹೋಗಿ ನೋಡಿಬಾ ಎಂದರೆ, “ಫಲಿತಾಂಶಕ್ಕೆ ಮುಂಚೆ ತೀರ್ಪುಗಾರರ ಮನೆಗೆ ಹೋಗೋ ಅಭ್ಯಾಸ ನಿಮ್ಮ ಕಾಲೇಜಿಂದು, ನಮ್ಮದಲ್ಲ,” ಎಂದು ಇಟ್ಟುಬಿಟ್ಟ.

ಒಂದು ಮಧ್ಯಾಹ್ನ ಏಜೆಂಟರ ಗಾಡಿ ಓಣಿಯಲ್ಲಿ ನಿಂತಿತು. ಅವರ ಕೈಯಲ್ಲಿ ದಾರ ಕಟ್ಟಿದ ಒಂದು ಸಣ್ಣ ಕಟ್ಟು. ವಾಪಸು ಬಂದ ಪ್ರತಿಗಳು. ಮೇಜಿನ ಮೇಲೆ ಹಾಕಿದರು.

“ಬಾಕಿ ಕಟ್ಟು ಗಾಡೀಲಿದೆಯಾ ಅಣ್ಣಾ?”

“ಬಾಕಿ ಎಲ್ಲಿ? ಖಾಲಿ. ಇವು ನೀವು ತೆರೆದು ನೇತು ಹಾಕಿ ಅಂದ್ರಲ್ಲ, ಆ ಸ್ಯಾಂಪಲ್ಲು. ಇವನ್ನೂ ಕೇಳಿದ್ರಂತೆ. ಇಷ್ಟು ಗಲೀಜಾಗಿರೋದನ್ನ ಹೆಂಗೆ ಮಾರೋದು ಅಂತ ಅಂಗಡಿಯವರು ವಾಪಸ್ ಕೊಟ್ರು.”

ಕಟ್ಟು ಬಿಚ್ಚಿದೆ. ಗಲೀಜು ಅಂದರೆ ಗಲೀಜೇ. ನಡುಪುಟದ ಮೂಲೆಗಳು ಬೆರಳಿನ ಜಿಡ್ಡಿಗೆ ಕಂದಿದ್ದವು. ಅಂಚಿನ ಗೆರೆಗಳಲ್ಲಿ ಒಂದೂ ಖಾಲಿ ಇರಲಿಲ್ಲ. ನೀಲಿ ಪೆನ್ನು, ಕಪ್ಪು ಪೆನ್ನು, ಪೆನ್ಸಿಲ್ಲು. ನಡುಪುಟ ಮಗುಚಿದರೆ ಸಿಗುವ, ಚಂದ್ರನ ಕಥೆಯ ಕೊನೆಯ ಗಂಟೆಯ ಕೆಳಗೆ ಜಾಗ ಸಾಲದೆ ಅಕ್ಷರಗಳು ಪಕ್ಕದ ಚಿತ್ರದ ಚಂದ್ರನ ಮೈಮೇಲೂ ಹತ್ತಿದ್ದವು. ಅಂಗಡಿಯ ಮುಂದೆ ನಿಂತು, ದಾರಕ್ಕೆ ನೇತಾಡುವ ಪುಸ್ತಕವನ್ನು ಒಂದು ಕೈಯಲ್ಲಿ ಹಿಡಿದು ಬರೆದಿದ್ದಾರೆ ಎಂಬುದು ಗೀಚಿನ ಓರೆಯಿಂದಲೇ ತಿಳಿಯುತ್ತಿತ್ತು.

ಒಬ್ಬರು ಬರೆದಿದ್ದರು: ಹಗ್ಗ ಬಿಚ್ಚಿದ ಕರು ಕೊಟ್ಟಿಗೆಗೆ ಹೋಗಲ್ಲ, ಹುಲ್ಲು ಇರೋ ಕಡೆ ಹೋಗುತ್ತೆ.

ಅದರ ಕೆಳಗೆ ಬೇರೆ ಕೈ: ಚಂದ್ರಂಗೆ ಹುಲ್ಲು ಎಲ್ಲಿ?

ಅದರ ಕೆಳಗೆ ಇನ್ನೊಂದು: ಭೂಮಿನೇ ಹುಲ್ಲು. ಹತ್ರ ಬಂದ ಮೇಲೆ ಜಾಸ್ತಿ ಎಳೆಯುತ್ತೆ.

“ಇದನ್ನ ರದ್ದಿಗೆ ಹಾಕಿ,” ಅಂದರು ಏಜೆಂಟರು. “ಮತ್ತೆ ಅಂಗಡಿಯವರು ಕೇಳ್ತಿದಾರೆ, ಇನ್ನೊಂದು ಯಾವಾಗ ಅಂತ. ಜರೂರು ಹೇಳಿ, ನನಗೆ ಗಾಡಿಯಲ್ಲಿ ಜಾಗ ಇಡಬೇಕು.”

ನಾನು ಮಾಲೀಕರ ಕಡೆ ನೋಡಿದೆ. ವಾದ ಮಂಡಿಸಲು ಎಲ್ಲವೂ ನನ್ನ ಹತ್ತಿರ ಸಿದ್ಧವಿತ್ತು, ಮೊದಲನೆಯದಾಗಿ ಎನ್ನುವಲ್ಲಿಂದ ಕೊನೆಯವರೆಗೂ. ಅವರು ನನ್ನನ್ನು ನೋಡುತ್ತಿರಲಿಲ್ಲ. ಒಂದು ಗಲೀಜು ಪ್ರತಿಯನ್ನು ಎತ್ತಿಕೊಂಡು ಕಿಟಕಿಯ ಬೆಳಕಿಗೆ ಹೋಗಿದ್ದರು. ಕರುವಿನ ಮಾತಿಗೆ ಒಮ್ಮೆ ಮೂಗಿನಲ್ಲೇ ನಕ್ಕರು. ಮುಂದಿನ ಸಾಲಿಗೆ ಹುಬ್ಬು ಗಂಟಿಕ್ಕಿದರು.

“ಏನು ಹುಡುಗ್ರಮ್ಮಾ ಇವರು. ಕರು, ಹುಲ್ಲು. ಸುಲಭದ್ದನ್ನ ಬಿಟ್ಟು.”

ಕರಡು ತಿದ್ದುವವರ ಮೇಜಿನಿಂದ ಕೆಂಪು ಪೆನ್ನು ಎತ್ತಿಕೊಂಡು, ಜಾಗ ಹುಡುಕಿ, ಚಂದ್ರನ ಕೆಳಗೆ ತಮ್ಮ ಗೈಡಿನ ದುಂಡು ಅಕ್ಷರದಲ್ಲಿ ಬರೆದರು: ಎಳೆಯುವುದು ನಿಂತರೆ ಚಂದ್ರ ನಿಂತಲ್ಲೇ ನಿಲ್ಲುತ್ತಾನೆ. ತಳ್ಳುಗಾಡಿಯನ್ನು ನೋಡಿ.

ಬರೆದು ಮುಗಿಸಿ, ಕೆಳಗೆ ಒಂದು ಗೆರೆ ಎಳೆದು, ಪ್ರತಿಯನ್ನು ನನ್ನ ಮೇಜಿನ ಮೇಲಿಟ್ಟರು. “ಇದಕ್ಕೆ ಜವಾಬು ಹೋಗ್ಲೇಬೇಕು. ಮುಂದಿನದರಲ್ಲಿ ಜಾಗ ಇಡು.” ಹಾಗೆನ್ನುತ್ತಲೇ ಸಮಾಜ ವಿಜ್ಞಾನದ ಹಸ್ತಪ್ರತಿಯನ್ನು ಕಂಕುಳಲ್ಲಿ ಇರುಕಿಕೊಂಡು ಇನ್ನೊಬ್ಬ ವಿನ್ಯಾಸಕಾರನ ಮೇಜಿಗೆ ಒಯ್ದರು.

ಗೆಳೆಯನಿಗೆ ಫೋನ್ ಮಾಡಿದೆ. ಎಲ್ಲ ಕೇಳಿ, “ಮಾಲೀಕರು ಬರೆದಿದ್ದು ತಪ್ಪಲ್ವಾ?” ಅಂದ.

ತಪ್ಪೇ. ತಳ್ಳುಗಾಡಿ ನಿಲ್ಲುವುದು ನೆಲ ಅದನ್ನು ಹಿಡಿದುಕೊಳ್ಳುವುದರಿಂದ. ಓಡುತ್ತಲೇ ಇರುವ ಚಂದ್ರನನ್ನು ಅಲ್ಲಿ ಹಿಡಿಯುವವರು ಯಾರೂ ಇಲ್ಲ. ಹಳೆಯ ಜಾಗಕ್ಕೂ ಹೋಗುವುದಿಲ್ಲ, ನಿಂತಲ್ಲೂ ನಿಲ್ಲುವುದಿಲ್ಲ, ಹೊಸದೊಂದು ದಾರಿ ಹಿಡಿಯುತ್ತಾನೆ. ಇಷ್ಟನ್ನು ಹೇಳಲು ನನಗೆ ಗಂಟೆ ಹೊಡೆಯುವಷ್ಟು ಹೊತ್ತೂ ಬೇಡ. ನಾಲಿಗೆಯ ತುದಿಯವರೆಗೆ ಬಂದಿತ್ತು ಕೂಡ.

“ಹೇಳಿದ್ಯಾ?”

“ಇಲ್ಲ.”

“ನೀನಾ? ಬಾಯಿ ಮುಚ್ಕೊಂಡು ಕೂತ್ಯಾ?”

ಹೌದು, ಕೂತೆ. ಅವರ ಕೆಂಪಕ್ಷರದ ಸಾಲನ್ನು ಹಾಗೆಯೇ ಹೊಸ ಸಂಚಿಕೆಯ ಮೊದಲ ಪುಟಕ್ಕೆ ತಂದು, ಪಕ್ಕದ ಅಂಚಿನಲ್ಲಿ ಒಂದು ಗಂಟೆ ಇಟ್ಟೆ, ಕೆಳಗೆ ಗೆರೆಗಳನ್ನು ಮಾಮೂಲಿಗಿಂತ ಹೆಚ್ಚು ಎಳೆದೆ. ನಮ್ಮ ಮಾಲೀಕರಿಗೆ ಉತ್ತರ ಕೊಡುವ ಕೆಲಸ ಇನ್ನು ನನ್ನದಲ್ಲ. ಅದಕ್ಕೆ ಭದ್ರಾವತಿಯಲ್ಲಿ ಜನ ಇದ್ದಾರೆ.